ಟೋಲ್ ಕಟ್ಟಿ ಹಸಿರು ನರಕ ನೋಡಿ ಬಂದಿದ್ದು

ಜಗತ್ತಿನ ಅತಿ ಭಯಂಕರ ರೇಸ್ ಟ್ರ್ಯಾಕ್, ಹಸಿರು ನರಕ ಅಂತೆಲ್ಲ ಹೆಸರಾಗಿರೋ ಜರ್ಮನಿಯ ನ್ಯೂರ್ಬರ್ಗ್‌ರಿಂಗ್, ಜನಸಾಮಾನ್ಯರಿಗೆ ಗೇಟ್ ತೆಗೆದಿರೋ ಹೊತ್ತಲ್ಲಿ ಬರೀ ಒಂದು ಟೋಲ್ ರಸ್ತೆ ಅಂತ ನನ್ನ ಗೆಳೆಯ ಕಾರಲ್ಲಿ ಹೇಳ್ದಾಗ ನಾನು ನಂಬಲಿಲ್ಲ. ಒನ್‌ವೇ ಟೋಲ್ ರಸ್ತೆ. ದುಡ್ಡು ಕಟ್ಟು, ಬ್ಯಾರಿಯರ್ ಮೇಲೇಳತ್ತೆ, ಹೋಗು. ಮಾಮೂಲಿ ರಸ್ತೇಲಿ ಇರೋ ಟ್ರಾಫಿಕ್ ರೂಲ್ಸೇ ಇಲ್ಲೂ, ನಂಬರ್ ಪ್ಲೇಟ್ ಇರಬೇಕು, ಓವರ್‌ಟೇಕ್ ಎಡಗಡೆಯಿಂದ ಮಾತ್ರ, ರೇಸ್ ಮಾಡೋ ಹಾಗಿಲ್ಲ, ಲ್ಯಾಪ್ ಟೈಮ್, ಅಂದ್ರೆ ಒಂದು ಸುತ್ತಿನ ಟೈಮ್, ತಗೊಳ್ಳೋ ಹಾಗಿಲ್ಲ. ರೇಸ್ ಟ್ರ್ಯಾಕಲ್ಲಿ ರೇಸ್ ಮಾಡೋ ಹಾಗಿಲ್ಲ ಅನ್ನೋ ಮಾತಿಗೆ ನನಗೆ ನಗು ಬಂತು. ಅವನು ನಗಲಿಲ್ಲ.

ನಾನು ಆಗ ಆಫೀಸ್ ಕೆಲಸಕ್ಕೆ ಅಂತ ಕಲೋನ್‌ಗೆ ಹೋಗಿದ್ದೆ. ಗೆಳೆಯ ಅಲ್ಲೇ ಐದಾರು ವರ್ಷದಿಂದ ಇದ್ದ, ಅವನ ಹತ್ರ ಹತ್ತು ವರ್ಷ ಹಳೇದಾದ ಒಂದು ಪುಟ್ಟ ಹ್ಯಾಚ್‌ಬ್ಯಾಕ್, ಹೊಸ ಬ್ರೇಕ್ ಪ್ಯಾಡ್ ಹಾಕ್ಸಿದೀನಿ ಅಂತ ಹಿಂದಿನ ರಾತ್ರಿಯಿಂದ ಹತ್ತು ಸಲ ಹೇಳಿದ್ದ. ಅಕ್ಟೋಬರ್ ಭಾನುವಾರ. ದಕ್ಷಿಣಕ್ಕೆ ಒಂದೂಕಾಲು ಗಂಟೆ ಡ್ರೈವ್ ಮಾಡಿದ್ರೆ ಐಫೆಲ್ ಗುಡ್ಡಗಳು ಶುರು, ಅಲ್ಲಿಂದ ಮುಂದೆ ಎಲ್ಲಾ ಮಂಜು. ಮಂಜು ಅಂದ್ರೆ ಕವಿತೆಯ ಮಂಜಲ್ಲ, ಮುಂದಿನ ಕಾರಿನ ಟೇಲ್‌ಲ್ಯಾಂಪೂ ಕಾಣದ ಹಾಗಿರೋದು. ನಾವು ಹೋಗೋ ಹೊತ್ತಿಗೆ ಟ್ರ್ಯಾಕ್ ಇನ್ನೂ ತೆಗೆದಿರ್ಲಿಲ್ಲ, ಮಂಜು ಇಳಿಯೋ ತನಕ ಕಾಯಿರಿ ಅಂತ ಬೋರ್ಡ್.

ಈ ಮಂಜಿನ ಕಥೆ ಇವತ್ತಿನದಲ್ಲ. 2020ರಲ್ಲಿ ಫಾರ್ಮುಲಾ ಒನ್ ಏಳು ವರ್ಷ ಆದ್ಮೇಲೆ ಇಲ್ಲಿಗೆ ವಾಪಸ್ ಬಂದಾಗ, ಶುಕ್ರವಾರದ ಪ್ರಾಕ್ಟೀಸ್ ಪೂರ್ತಿ ರದ್ದಾಯ್ತು. ಕಾರಣ ಟ್ರ್ಯಾಕ್ ಅಲ್ಲ, ಅಪಘಾತ ಆದ್ರೆ ಆಸ್ಪತ್ರೆಗೆ ಒಯ್ಯೋ ಹೆಲಿಕಾಪ್ಟರ್ ಮಂಜಲ್ಲಿ ಹಾರಕ್ಕಾಗಲ್ಲ ಅಂತ. ಕೋಟಿಗಟ್ಟಲೆ ಬೆಲೆಯ ಕಾರುಗಳು ಗ್ಯಾರೇಜಲ್ಲಿ ನಿಂತು ಆಕಾಶ ನೋಡ್ತಾ ಕೂತ್ವು. ಆ ಭಾನುವಾರ ಹ್ಯಾಮಿಲ್ಟನ್ ಗೆದ್ದು ಮೈಕಲ್ ಶೂಮಾಕರ್‌ನ 91 ಗೆಲುವಿನ ದಾಖಲೆ ಸರಿಗಟ್ಟಿದ, ಶೂಮಾಕರ್ ಮಗ ಮಿಕ್ ಬಂದು ಅಪ್ಪನ ಹೆಲ್ಮೆಟ್ ಒಂದನ್ನ ಅವನ ಕೈಗೆ ಕೊಟ್ಟ. ಅದನ್ನ ನಾನು ಟಿವಿಯಲ್ಲಿ ನೋಡಿದ್ದೆ, ಈ ಜಾಗಕ್ಕೆ ಒಂದು ದಿನ ಹೋಗ್ಬೇಕು ಅಂತ ಅನ್ಸಿದ್ದು ಆಗ.

ಸರಿ, ಮಂಜು ಇಳಿಯೋ ತನಕ ಏನು ಮಾಡೋದು. ಮೇನ್ ಗ್ರ್ಯಾಂಡ್‌ಸ್ಟ್ಯಾಂಡ್ ಹಿಂದೆ ಒಂದು ದೊಡ್ಡ ಮಾಲ್ ತರದ ಕಟ್ಟಡ ಇದೆ, ಗಾಜು, ಕಬ್ಬಿಣ, ಉದ್ದನೆ ಹಜಾರ. ಒಳಗೆ ಹೋದ್ರೆ ನಮ್ಮ ಹೆಜ್ಜೆ ಸದ್ದು ನಮಗೇ ಕೇಳ್ಸೋಷ್ಟು ಖಾಲಿ. ಮೇಲೆ ನೋಡಿದ್ರೆ ರೋಲರ್ ಕೋಸ್ಟರ್‌ನ ಹಳಿ. ಅದರ ಮೇಲೆ ಓಡೋ ಗಾಡಿ ಮಾತ್ರ ಎಲ್ಲೂ ಇಲ್ಲ.

ಇದರ ಕಥೆ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಈ ಜಾಗದ ಬಗ್ಗೆ ನನಗೆ ಅರ್ಥವಾಗಿದ್ದು ಈ ಹಳಿ ನೋಡಿದ್ಮೇಲೆ. 2000ದ ದಶಕದಲ್ಲಿ ಇಲ್ಲಿನ ರಾಜ್ಯ ಸರ್ಕಾರಕ್ಕೆ, ಅಂದ್ರೆ ರೈನ್‌ಲ್ಯಾಂಡ್-ಪ್ಯಾಲಟಿನೇಟ್ ಸರ್ಕಾರಕ್ಕೆ, ರೇಸ್ ಇಲ್ಲದ ದಿನಗಳಲ್ಲೂ ಜನ ಬರ್ಬೇಕು, ವರ್ಷಪೂರ್ತಿ ಸಂಸಾರ ಸಮೇತ ಬರ್ಬೇಕು ಅಂತ ಆಸೆ ಹುಟ್ತು. ಹೋಟೆಲ್, ಥೀಮ್ ಪಾರ್ಕ್, ಅಂಗಡಿ ಸಾಲು, ಡಿಸ್ಕೋ, ಜೊತೆಗೆ ಗಂಟೆಗೆ 217 ಕಿ.ಮೀ. ಓಡೋ ರೋಲರ್ ಕೋಸ್ಟರ್. ಸುಮಾರು 33 ಕೋಟಿ ಯೂರೋ ಸುರಿದ್ರು. ಖಾಸಗಿ ಹೂಡಿಕೆದಾರರು ದುಡ್ಡು ಹಾಕ್ತಾರೆ ಅಂದಿದ್ದು ಯಾರೂ ಬರದೆ, 2009ರಲ್ಲಿ ಇನ್ನೇನು ಉದ್ಘಾಟನೆ ಅನ್ನೋ ಹೊತ್ತಲ್ಲಿ ರಾಜ್ಯದ ಹಣಕಾಸು ಮಂತ್ರಿನೇ ರಾಜೀನಾಮೆ ಕೊಟ್ರು. ಕೋಸ್ಟರ್ ಕಥೆ ಇನ್ನೂ ಚೆಂದ. ಗಾಳಿಯ ಒತ್ತಡದಲ್ಲಿ ಚಿಮ್ಮಿಸೋ ವ್ಯವಸ್ಥೆ ಅದು, ಟೆಸ್ಟಿಂಗ್ ಟೈಮಲ್ಲೇ ಸ್ಫೋಟ ಆಯ್ತು. ಆಮೇಲೆ ರಿಪೇರಿ, ಪರ್ಮಿಷನ್ನು, ಮತ್ತೆ ರಿಪೇರಿ, ಕೊನೆಗೆ 2013ರ ಅಕ್ಟೋಬರ್ ಕೊನೇಲಿ ವೇಗ ಇಳಿಸಿ ಜನರಿಗೆ ಬಿಟ್ರು, ನಾಲ್ಕು ದಿನ ಓಡ್ತು, ಅಷ್ಟೇ. ಅಷ್ಟರಲ್ಲಿ 2012ರಲ್ಲೇ ಟ್ರ್ಯಾಕಿನ ಒಡೆತನ ಇದ್ದ ಸರ್ಕಾರಿ ಕಂಪನಿ ದಿವಾಳಿ ಅರ್ಜಿ ಹಾಕಿತ್ತು, 2014ರಲ್ಲಿ ಇಡೀ ಕಾಂಪ್ಲೆಕ್ಸು ಖಾಸಗಿಯವರ ಪಾಲಾಯ್ತು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ.

ನನಗೆ ತಮಾಷೆ ಅನ್ಸಿದ್ದು ಏನಂದ್ರೆ, ಹೊರಗೆ ಮಂಜಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ, ಮುನ್ನೂರು ನಾನೂರು ಕಾರು ಬೈಕು ಕಾಯ್ತಾ ನಿಂತಿದ್ವು. ಬೆಲ್ಜಿಯಂ, ನೆದರ್ಲೆಂಡ್ಸ್, ಇಂಗ್ಲೆಂಡ್, ಪೋಲೆಂಡ್ ನಂಬರ್ ಪ್ಲೇಟುಗಳು. ಅವರಿಗೆ ಡಿಸ್ಕೋ ಬೇಕಾಗಿರ್ಲಿಲ್ಲ. ಇಲ್ಲಿ ಜನರನ್ನ ಎಳೆಯೋಕೆ ಇರೋದು ಒಂದೇ ಒಂದು ವಸ್ತು, ಅದು ಡಾಂಬರು.

ಆ ಡಾಂಬರು ಬಂದ ಕಥೆನೂ ಒಂದು ಸರ್ಕಾರಿ ಯೋಜನೆಯ ಕಥೆನೇ, ವಿಚಿತ್ರ ನೋಡಿ. ಮೊದಲನೇ ಮಹಾಯುದ್ಧ ಮುಗಿದ್ಮೇಲೆ ಐಫೆಲ್ ಅಂದ್ರೆ ಬಡತನ. ಕಲ್ಲು ಗುಡ್ಡ, ಚಳಿ, ಕೆಲಸ ಇಲ್ಲ. 1920ರ ದಶಕದ ಶುರುವಲ್ಲಿ ಹತ್ತಿರದ ಹಳ್ಳಿ ರಸ್ತೆಗಳಲ್ಲೇ ಕಾರ್ ರೇಸ್ ನಡೀತಿತ್ತು, ಮಣ್ಣು ರಸ್ತೆ, ಮನೆ ಬಾಗಿಲ ಮುಂದೆ ಕಾರುಗಳು ಸುಂಯ್ ಅಂತ ಹೋಗೋದು, ಅಪಾಯ ಅಂತ ಬೇರೆ ಹೇಳ್ಬೇಕಾ. ಆಡೆನೌ ಜಿಲ್ಲೆಯ ಆಡಳಿತಾಧಿಕಾರಿಯಾಗಿದ್ದ ಒಟ್ಟೋ ಕ್ರಾಯ್ಟ್ಸ್ ಅನ್ನೋರು, ಬರೀ ರೇಸಿಗೆ ಅಂತಲೇ ಗುಡ್ಡದಲ್ಲಿ ಒಂದು ರಸ್ತೆ ಮಾಡಿದ್ರೆ ಊರಿನೋರಿಗೆ ಕೆಲಸಾನೂ ಆಯ್ತು, ಕಾರ್ ಕಂಪನಿಗಳಿಗೆ ಟೆಸ್ಟ್ ಮಾಡಕ್ಕೆ ಜಾಗಾನೂ ಆಯ್ತು ಅಂತ ಹಟ ಹಿಡಿದ್ರು. 1925ರ ಸೆಪ್ಟೆಂಬರಲ್ಲಿ ಅಡಿಗಲ್ಲು. ಎರಡು ಮೂರು ಸಾವಿರ ಜನ ಗುದ್ದಲಿ, ಸಲಿಕೆ ಹಿಡಿದು ಎರಡು ವರ್ಷದೊಳಗೆ 28 ಕಿ.ಮೀ. ರಸ್ತೆ ಮುಗಿಸಿದ್ರು. ಉತ್ತರದ ಸುತ್ತು ನೋರ್ಡ್‌ಶ್ಲೈಫೆ (ನಾವು ಟೋಲ್ ಕಟ್ಟಿ ಹೋಗೋಕೆ ಬಂದಿದ್ದು ಇದಕ್ಕೇ), ದಕ್ಷಿಣದ್ದು ಜ್ಯೂಡ್‌ಶ್ಲೈಫೆ, ಎರಡನ್ನೂ ಸೇರಿಸಿ ಅಷ್ಟು ಉದ್ದ. 1927ರ ಜೂನ್ 18ಕ್ಕೆ ಮೋಟಾರ್‌ಸೈಕಲ್ ರೇಸಿಂದ ಉದ್ಘಾಟನೆ, ಮಾರನೇ ದಿನ ಕಾರ್ ರೇಸಲ್ಲಿ ಮರ್ಸಿಡಿಸ್ ಓಡಿಸ್ತಿದ್ದ ರುಡಾಲ್ಫ್ ಕರಾಚಿಯೋಲಾ ಗೆದ್ದ. ತಿಂಗಳು ಕಳೆಯೋಷ್ಟರಲ್ಲಿ ಅದೇ ರಸ್ತೇಲಿ ಸೈಕಲ್ ರೇಸ್. ವೃತ್ತಿಪರ ಸೈಕ್ಲಿಸ್ಟ್‌ಗಳ ಮೊಟ್ಟಮೊದಲ ರೋಡ್ ವಿಶ್ವ ಚಾಂಪಿಯನ್‌ಶಿಪ್ ನಡೆದಿದ್ದು ಇಲ್ಲೇ, ಇಟಲಿಯ ಆಲ್ಫ್ರೆಡೋ ಬಿಂಡಾ ಗೆದ್ದ. ಕಾರಲ್ಲಿ ಕೂತೇ ಉಸಿರು ಕಟ್ಟೋ ಈ ಏರುಗಳನ್ನ ಆ ಕಾಲದ ಕಬ್ಬಿಣದ ಸೈಕಲಲ್ಲಿ ತುಳಿದವರನ್ನ ನೆನೆಸ್ಕೊಂಡ್ರೆ ನನಗೆ ಇವತ್ತಿಗೂ ಮೊಣಕಾಲು ನೋಯತ್ತೆ.

ಆವತ್ತು ಈಗಿನ ತರ ದೈತ್ಯ ಯಂತ್ರಗಳು ಇದ್ದಿದ್ರೆ ಈ ಟ್ರ್ಯಾಕ್ ಹೀಗೆ ಆಗ್ತಿರ್ಲಿಲ್ಲ ಅನ್ಸತ್ತೆ. ಈಗಿನೋರು ಮೊದಲು ಗುಡ್ಡ ಸಪಾಟು ಮಾಡಿ ಆಮೇಲೆ ತಿರುವು ಬರೀತಾರೆ. ಇವರು ಗುಡ್ಡ ಹೇಗಿತ್ತೋ ಹಾಗೇ ಅದರ ಬೆನ್ನ ಮೇಲೆ ರಸ್ತೆ ಹಾಸಿದ್ರು, ಹಳ್ಳ ಇದ್ದಲ್ಲಿ ಇಳೀತು, ದಿಬ್ಬ ಇದ್ದಲ್ಲಿ ಹತ್ತಿತು. ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರಕ್ಕೂ ಸುಮಾರು 300 ಮೀಟರ್ ವ್ಯತ್ಯಾಸ ಇದೆ. ಹೆಸರುಗಳೂ ಹಾಗೇ, ಹುಡುಕಿ ಇಟ್ಟಿದ್ದಲ್ಲ, ಅಲ್ಲೇ ಬಿದ್ದಿದ್ದನ್ನ ಎತ್ಕೊಂಡಿದ್ದು. ಫುಕ್ಸ್‌ರೋರೆ ಅಂದ್ರೆ ನರಿ ಬಿಲ. ಬೆರ್ಗ್‌ವೆರ್ಕ್ ಅಂದ್ರೆ ಗಣಿ. ಬ್ರೂನ್ಶೆನ್ ಅಂದ್ರೆ ಪುಟ್ಟ ಬಾವಿ ಅನ್ನಬಹುದು. ಗಾಲ್ಗೆನ್‌ಕೋಪ್ಫ್ ಅಂದ್ರೆ ಗಲ್ಲುಗಂಬದ ದಿಣ್ಣೆ, ಇದನ್ನ ಕೇಳಿ ನಾನು ಸುಮ್ಮನಾದೆ. ಶ್ವೇಡನ್‌ಕ್ರಾಯ್ಟ್ಸ್ ಅನ್ನೋ ತಿರುವಿನ ಹತ್ರ ನಿಜವಾಗ್ಲೂ ಹದಿನೇಳನೇ ಶತಮಾನದ ಒಂದು ಕಲ್ಲಿನ ಶಿಲುಬೆ ಇದೆ. ಫ್ಲೂಗ್‌ಪ್ಲಾಟ್ಸ್ ಅಂದ್ರೆ ವಿಮಾನ ನಿಲ್ದಾಣ, ಕಾರು ಗಾಳಿಗೆ ಹಾರತ್ತೆ ಅಂತ ಆ ಹೆಸರು ಅಂದ್ಕೊಂಡಿದ್ದೆ, ಅಲ್ವಂತೆ, ಪಕ್ಕದಲ್ಲಿ ಹಿಂದೆ ಗ್ಲೈಡರ್ ಹಾರಿಸೋ ಪುಟ್ಟ ಮೈದಾನ ಇತ್ತಂತೆ. ಕಾರುಗಳು ಹಾರೋದೂ ನಿಜ ಬಿಡಿ. 2015ರಲ್ಲಿ ಅಲ್ಲಿ ಒಂದು ರೇಸ್ ಕಾರು ಎದ್ದು ಬೇಲಿ ದಾಟಿ ಹೋಗಿ ಒಬ್ಬ ಪ್ರೇಕ್ಷಕ ಸತ್ತ.

ಹತ್ತೂವರೆ ಆದ್ರೂ ಮಂಜು ಇಳಿಯೋ ಲಕ್ಷಣ ಇರ್ಲಿಲ್ಲ. ನ್ಯೂರ್ಬರ್ಗ್ ಅನ್ನೋ ಹಳ್ಳಿ ಟ್ರ್ಯಾಕಿನ ಒಳಗೇ ಇದೆ, ಅದರ ತಲೆ ಮೇಲೆ ಹನ್ನೆರಡನೇ ಶತಮಾನದ ಪಾಳುಬಿದ್ದ ಕೋಟೆ. ಅದರ ಗೋಪುರ ಹತ್ತಿದ್ರೆ ಟ್ರ್ಯಾಕ್ ಪೂರ್ತಿ ಕಾಣತ್ತೆ ಅಂತ ಗೆಳೆಯ ಹತ್ತಿಸ್ದ. ಏನೂ ಕಾಣಲಿಲ್ಲ. ಬಿಳಿ. ಆದ್ರೆ ಇಳಿದು ಬರುವಾಗ ಮೋಡ ಹರಿಯಕ್ಕೆ ಶುರುವಾಯ್ತು, ದೂರದಲ್ಲೆಲ್ಲೋ ಒಂದು ಇಂಜಿನ್ ಕಿರುಚ್ತು, ಅದರ ಹಿಂದೆ ಇನ್ನೊಂದು. "ಓಪನ್ ಆಯ್ತು ಮಗಾ!" ಅಂತ ಇವನು ಓಡಿದ.

ನೇರ ಗೇಟಿಗೆ ಹೋಗ್ತಾನೆ ಅಂದ್ಕೊಂಡೆ, ಇಲ್ಲ, ಮೊದಲು ಬ್ರೂನ್ಶೆನ್ ಹತ್ರ ನಿಂತು ನೋಡೋಣ, ಆಮೇಲೆ ಹೋಗೋಣ ಅಂದ. ಭಯ ಅಂತ ಬಾಯಿಬಿಟ್ಟು ಹೇಳ್ಲಿಲ್ಲ. ಅಲ್ಲಿ ಟ್ರ್ಯಾಕ್ ಪಕ್ಕ ಹುಲ್ಲಿನ ದಿಬ್ಬ, ಮಡಚೋ ಕುರ್ಚಿ ಹಾಕ್ಕೊಂಡು, ಫ್ಲಾಸ್ಕ್ ಇಟ್ಕೊಂಡು, ಮೊಮ್ಮಕ್ಕಳನ್ನ ಪಕ್ಕ ಕೂರಿಸ್ಕೊಂಡು ಅಜ್ಜ ಅಜ್ಜಿಯರು. ಕ್ಯಾಮೆರಾ ಹಿಡಿದ ಹುಡುಗರು ಬೇರೆ ಕಡೆ ಸಾಲಾಗಿ. ಯಾಕೆ ಇಲ್ಲೇ ಅಂದ್ರೆ, ಇಲ್ಲಿ ಇಳಿಜಾರಲ್ಲಿ ಬಲಕ್ಕೆ ತಿರುಗಿ ತಕ್ಷಣ ಏರು, ತುಂಬ ಜನ ಇಲ್ಲೇ ಜಾರ್ತಾರೆ. ಅದನ್ನ ನೋಡಕ್ಕೆ ಅಂತಲೇ ಜನ ಕೂತಿರೋದು. ಇದನ್ನ ಬರೆಯುವಾಗ ನನಗೇ ಒಂಥರಾ ಅನ್ಸತ್ತೆ, ಆದ್ರೆ ನಾನೂ ಅಲ್ಲೇ ಕೂತಿದ್ದೆ. ಮೊದಲು ಸದ್ದು ಬರತ್ತೆ, ಮರಗಳ ಹಿಂದೆ ಎಲ್ಲೋ, ಆಮೇಲೆ ಟೈರಿನ ಕೊರಗು, ಆಮೇಲೆ ಕಾರು, ಅದು ದಾಟಿ ಹೋದ್ಮೇಲೆ ಸುಟ್ಟ ಬ್ರೇಕಿನ ವಾಸನೆ ನಿಧಾನಕ್ಕೆ ಮೂಗಿಗೆ ಬರತ್ತೆ. ಲಕ್ಷಾಂತರ ಯೂರೋದ ಪೋರ್ಶೆ ಹಿಂದೆ ಒಂದು ಹಳೇ ಸ್ಟೇಷನ್ ವ್ಯಾಗನ್ನು, ಅದರ ಹಿಂದೆ ಇಬ್ಬರು ಕೂತಿರೋ ಬೈಕು. ಆ ವ್ಯಾಗನ್‌ನ ಹಿಂದಿನ ಸೀಟಲ್ಲಿ ಮಕ್ಕಳ ಬೂಸ್ಟರ್ ಸೀಟ್ ಖಾಲಿ ಕೂತಿತ್ತು, ಅದನ್ನ ಬಿಚ್ಚೋದಕ್ಕೂ ಪುರುಸೊತ್ತು ಆಗಿರ್ಲಿಲ್ಲ ಆ ಯಜಮಾನಂಗೆ.

ಡಾಂಬರಿನ ಮೇಲೆ ಎಲ್ಲಾ ಕಡೆ ಸುಣ್ಣದ ಹಾಗೆ ಬಿಳಿ ಬಣ್ಣದ ಬರಹ, ಹೆಸರುಗಳು, ಊರುಗಳು. ವರ್ಷಕ್ಕೊಂದು ಸಲ 24 ಗಂಟೆ ರೇಸ್ ನಡೆಯತ್ತೆ, 1970ರಿಂದ, ಆಗ ಸಾವಿರಾರು ಜನ ಈ ಕಾಡಲ್ಲಿ ಟೆಂಟ್ ಹಾಕಿ, ಸೋಫಾ, ಟಿವಿ, ಮರದ ಅಟ್ಟ ಎಲ್ಲಾ ಕಟ್ಕೊಂಡು ದಿನಗಟ್ಟಲೆ ಇರ್ತಾರೆ, ಗೀಚೋದು ಅವರೇ. ಅದರಲ್ಲಿ ಅಶ್ಲೀಲ ಚಿತ್ರಗಳೂ ಬೇಜಾನ್ ಇರ್ತವೆ, ಅದನ್ನ ದೊಡ್ಡ ದೊಡ್ಡ ಕಂಪನಿಗಳ ಜಾಹೀರಾತು ಶೂಟಿಂಗಿಗೆ ಮುಂಚೆ ಚಿಟ್ಟೆ, ಗೂಬೆ ಅಂತ ತಿದ್ದೋದಕ್ಕೇ ಟ್ರ್ಯಾಕಲ್ಲಿ ಜನ ಇದಾರೆ. ಅಂಥ ಕೆಲಸದಲ್ಲಿರೋರನ್ನ ಒಂದ್ಸಲ ಮಾತಾಡಿಸ್ಬೇಕು ಅಂತ ನನಗೆ ಈಗಲೂ ಆಸೆ.

24 ಗಂಟೆ ರೇಸ್ ಅಂದ್ಮೇಲೆ ಜಬೀನೆ ಶ್ಮಿಟ್ಸ್ ಹೆಸರು ಹೇಳದೆ ಮುಂದೆ ಹೋಗೋ ಹಾಗಿಲ್ಲ. ಟ್ರ್ಯಾಕ್ ನಡುವಿನ ಇದೇ ನ್ಯೂರ್ಬರ್ಗ್ ಹಳ್ಳೀಲಿ, ಹೋಟೆಲ್ ನಡೆಸ್ತಿದ್ದ ಮನೇಲಿ ಬೆಳೆದ ಹುಡುಗಿ. 1996, 1997 ಎರಡು ವರ್ಷ ಸತತವಾಗಿ ಈ ರೇಸ್ ಗೆದ್ದ ತಂಡದಲ್ಲಿದ್ರು, ಇಲ್ಲಿ ಒಟ್ಟಾರೆ ಗೆದ್ದ ಮೊದಲ ಹೆಣ್ಣುಮಗಳು. ರೇಸ್ ಇಲ್ಲದಾಗ 'ರಿಂಗ್ ಟ್ಯಾಕ್ಸಿ' ಓಡಿಸ್ತಿದ್ರು, ಅಂದ್ರೆ ದುಡ್ಡು ಕೊಟ್ಟು ಪಕ್ಕ ಕೂತೋರನ್ನ ಬಿಎಂಡಬ್ಲ್ಯು ಕಾರಲ್ಲಿ ಒಂದು ಸುತ್ತು ಹಾಕ್ಸೋದು. ಪಕ್ಕದೋನು ಕಣ್ಣು ಮುಚ್ಕೊಂಡಿರ್ತಾನೆ, ಇವರು ನಗ್ತಾ ಮಾತಾಡ್ತಾ ಕಾರು ತಿರುಗಿಸ್ತಿರ್ತಾರೆ, ಅಂಥ ವಿಡಿಯೋಗಳನ್ನ ನಾನು ಎಷ್ಟು ನೋಡಿದೀನೋ ಲೆಕ್ಕ ಇಲ್ಲ. 2021ರಲ್ಲಿ ಕ್ಯಾನ್ಸರ್‌ನಿಂದ ತೀರ್ಕೊಂಡ್ರು, ಐವತ್ತೊಂದೇ ವರ್ಷ. ಅದೇ ವರ್ಷ ನೋರ್ಡ್‌ಶ್ಲೈಫೆಯ ಮೊದಲ ತಿರುವಿಗೆ ಅವರ ಹೆಸರಿಟ್ರು.

ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಕೊನೆಗೂ ಗೇಟ್. ಡ್ಯೋಟಿಂಗರ್ ಹ್ಯೋಹೆ ಅನ್ನೋ ಉದ್ದನೆ ನೇರ ರಸ್ತೆ ಪಕ್ಕದಲ್ಲಿ ಪಾರ್ಕಿಂಗು, ಅಲ್ಲಿಂದ ಕೋನ್‌ಗಳ ಮಧ್ಯೆ ಸಾಲು. ಗೆಳೆಯ ಎರಡು ಲ್ಯಾಪಿಗೆ ದುಡ್ಡು ಕಟ್ಟಿದ್ದ. ಸಾಲಲ್ಲಿ ಕಾಯ್ತಾ ಅವನು ಹೇಳಿದ ಇನ್ನೊಂದು ವಿಷಯ, ಗುದ್ದಿದ್ರೆ ನಮ್ಮ ಕಾರಿನ ಖರ್ಚು ಮಾತ್ರ ಅಲ್ಲ, ಬಗ್ಗಿಹೋದ ಕಬ್ಬಿಣದ ತಡೆಬೇಲಿ, ಎಳ್ಕೊಂಡು ಹೋಗೋ ಲಾರಿ, ಸಹಾಯಕ್ಕೆ ಬರೋ ಗಾಡಿ, ಎಲ್ಲದಕ್ಕೂ ಬಿಲ್ ಬರತ್ತೆ, ತುಂಬ ಇನ್ಶೂರೆನ್ಸ್ ಕಂಪನಿಗಳು ಈ ಟ್ರ್ಯಾಕ್ ಹೆಸರನ್ನ ಕರಾರಲ್ಲೇ ಬರೆದು ಕೈ ತೊಳ್ಕೊಂಡಿರ್ತಾರೆ. "ನಿಂದು?" ಅಂದೆ. "ನಿಧಾನಕ್ಕೆ ಹೋಗ್ತೀನಿ ಬಿಡೋ" ಅಂದ. ಬ್ಯಾರಿಯರ್ ಎದ್ದೇಬಿಡ್ತು.

ನಾನು ಈ ಟ್ರ್ಯಾಕನ್ನ ಗೇಮಲ್ಲಿ ನೂರಾರು ಸಲ ಓಡಿಸಿದೀನಿ, ಯಾವ ತಿರುವು ಆದ್ಮೇಲೆ ಯಾವುದು ಅಂತ ಬಾಯಿಪಾಠ. ಅದು ಯಾವುದೂ ಕೆಲಸಕ್ಕೆ ಬರಲಿಲ್ಲ. ಸ್ಕ್ರೀನಲ್ಲಿ ಏರು ಇಳಿಜಾರು ಗೊತ್ತೇ ಆಗಲ್ಲ. ಫುಕ್ಸ್‌ರೋರೆ ಹತ್ರ ರಸ್ತೆ ಬಾವಿಗೆ ಬಿದ್ದ ಹಾಗೆ ಕೆಳಗೆ ಹೋಗತ್ತೆ, ಎರಡೂ ಕಡೆ ಮರ, ಕಾರು ತಳ ಮುಟ್ಟಿದ ಕ್ಷಣ ಸಸ್ಪೆನ್ಷನ್ ಪೂರ್ತಿ ಕುಗ್ಗಿ ನನ್ನ ಗಲ್ಲ ಎದೆಗೆ ಬಡೀತು, ಹೊಟ್ಟೆ ಇನ್ನೂ ಮೇಲೇ ಇತ್ತು. ಟಿವಿ ನೋಡಿ ಅಂದಾಜು ಮಾಡೋ ಹಾಗಿಲ್ಲ ಇದನ್ನ. ಹಿಂದಿನಿಂದ ಫಾಸ್ಟಾಗಿ ಬರೋ ಕಾರಿಗೆ ಬಲಗಡೆ ಇಂಡಿಕೇಟರ್ ಹಾಕಿ ಪಕ್ಕಕ್ಕೆ ಸರೀಬೇಕು, ನಮ್ಮ ಕೆಲಸ ಆ ಲ್ಯಾಪ್ ಪೂರ್ತಿ ಹೆಚ್ಚುಕಮ್ಮಿ ಅದೇ ಆಗಿತ್ತು, ಇಂಡಿಕೇಟರ್ ಆಫ್ ಮಾಡೋಷ್ಟರಲ್ಲಿ ಇನ್ನೊಬ್ಬ.

ಬ್ರೈಡ್‌ಶೈಡ್ ಹತ್ರ ಸೇತುವೆ, ಅದೇ ಅತಿ ತಗ್ಗು, ಪಕ್ಕದಲ್ಲೇ ಊರಿನ ಮನೆಗಳು. ಅಲ್ಲಿಂದ ಏರು ಶುರು. ಬೆರ್ಗ್‌ವೆರ್ಕ್ ತಿರುವು ಬರೋಕೆ ಸ್ವಲ್ಪ ಮುಂಚೆ ಒಂದು ಎಡ ತಿರುವು, ತಿರುವು ಅಂತಲೂ ಅನ್ನಲ್ಲ ಯಾರೂ, ಒಂದು ಸೊಟ್ಟ ಅಷ್ಟೇ. ಗೆಳೆಯ ಏನೂ ಹೇಳ್ಲಿಲ್ಲ, ಆಕ್ಸಲರೇಟರಿಂದ ಕಾಲು ಎತ್ತಿದ. ನನಗೂ ಗೊತ್ತಿತ್ತು.

1976ರ ಆಗಸ್ಟ್ 1. ನಿಕಿ ಲಾಡಾ, ಹಿಂದಿನ ವರ್ಷದ ವಿಶ್ವ ಚಾಂಪಿಯನ್, ಈ ಟ್ರ್ಯಾಕ್ ಸುರಕ್ಷಿತ ಅಲ್ಲ, ಇಲ್ಲಿ ಓಡಿಸೋದು ಬೇಡ ಅಂತ ಬೇರೆ ಡ್ರೈವರ್‌ಗಳ ಹತ್ರ ಮೊದಲೇ ಹೇಳಿದ್ದ. ಬಹುಮತ ಅವನ ಕಡೆ ಬರಲಿಲ್ಲ. ಎರಡನೇ ಲ್ಯಾಪಲ್ಲಿ ಇದೇ ಜಾಗದಲ್ಲಿ ಅವನ ಫೆರಾರಿ ಗುಡ್ಡದ ಬದಿಗೆ ಬಡಿದು, ಬೆಂಕಿ ಹತ್ತಿ, ವಾಪಸ್ ರಸ್ತೆ ಮಧ್ಯಕ್ಕೆ ಬಂತು. 23 ಕಿ.ಮೀ. ಹತ್ತಿರ ಉದ್ದದ ಟ್ರ್ಯಾಕಲ್ಲಿ ಅಗ್ನಿಶಾಮಕ ಗಾಡಿ ಎಷ್ಟು ಕಡೆ ಅಂತ ನಿಲ್ಲಿಸ್ತೀರಿ? ಅವನನ್ನ ಬೆಂಕಿಯಿಂದ ಎಳೆದು ಹಾಕಿದ್ದು ಹಿಂದೆ ಬರ್ತಿದ್ದ ಡ್ರೈವರ್‌ಗಳೇ. ಮೆರ್ಜಾರಿಯೋ, ಎಡ್ವರ್ಡ್ಸ್, ಲಂಗರ್, ಎರ್ಟ್ಲ್. ಅವರಲ್ಲಿ ಆರ್ಟುರೋ ಮೆರ್ಜಾರಿಯೋ ಉರಿಯೊಳಗೆ ಕೈ ಹಾಕಿ ಸೀಟ್‌ಬೆಲ್ಟ್ ಬಿಚ್ಚಿದ. ಆಸ್ಪತ್ರೇಲಿ ಪಾದ್ರಿ ಬಂದು ಸಾಯೋರಿಗೆ ಹೇಳೋ ಪ್ರಾರ್ಥನೆ ಹೇಳಿ ಹೋದ್ರು. ಆರು ವಾರಕ್ಕೆ ಆ ಮನುಷ್ಯ ಇಟಲಿಯ ಮೊಂಜಾದಲ್ಲಿ ಬ್ಯಾಂಡೇಜ್ ಮೇಲೆ ಹೆಲ್ಮೆಟ್ ಹಾಕ್ಕೊಂಡು ರೇಸ್ ಮಾಡಿ ನಾಲ್ಕನೆಯವನಾಗಿ ಮುಗಿಸ್ದ. ನೋರ್ಡ್‌ಶ್ಲೈಫೆ ಮೇಲೆ ಫಾರ್ಮುಲಾ ಒನ್ ರೇಸ್ ಮತ್ತೆ ಯಾವತ್ತೂ ನಡೀಲಿಲ್ಲ, 2020ರ ರೇಸ್ ನಡೆದಿದ್ದು ಪಕ್ಕದಲ್ಲಿ ಆಮೇಲೆ ಕಟ್ಟಿದ ಹೊಸ ಟ್ರ್ಯಾಕಲ್ಲಿ.

ಹಸಿರು ನರಕ ಅನ್ನೋ ಹೆಸರು ಅದಕ್ಕೂ ಹಳೇದು, ಬ್ರಿಟನ್ನಿನ ಫಾರ್ಮುಲಾ ಒನ್ ಡ್ರೈವರ್ ಜಾಕಿ ಸ್ಟುವರ್ಟ್ ಇಟ್ಟಿದ್ದು. ಅವನ ವಿಷಯ ವಿಚಿತ್ರ. 1968ರಲ್ಲಿ ಮಳೆ, ಮಂಜು, ಮೇಲಿಂದ ಮಣಿಕಟ್ಟಿಗೆ ಪೆಟ್ಟು, ಅಂಥದ್ರಲ್ಲಿ ಎರಡನೆಯವನಿಗಿಂತ ನಾಲ್ಕು ನಿಮಿಷಕ್ಕೂ ಹೆಚ್ಚು ಮುಂಚೆ ಬಂದು ಗೆದ್ದ. ನಾಲ್ಕು ಸೆಕೆಂಡ್ ಅಲ್ಲ, ನಿಮಿಷ. ಅಂಥ ಗೆಲುವು ಗೆದ್ದೋನು ಜಾಗವನ್ನ ಹೊಗಳ್ಬೇಕಿತ್ತು, ಅವನು ಹೊಗಳ್ಲಿಲ್ಲ, ಸುರಕ್ಷತೆ ಸುರಕ್ಷತೆ ಅಂತ ವರ್ಷಗಟ್ಟಲೆ ಬಡ್ಕೊಂಡ, ಹೇಡಿ ಅನ್ನೋ ಮಾತು ಕೇಳ್ಕೊಂಡ. 1970ರಲ್ಲಿ ಡ್ರೈವರ್‌ಗಳು ಹಟ ಹಿಡಿದು ರೇಸನ್ನ ಹಾಕನ್‌ಹೈಮ್‌ಗೆ ಎತ್ತಿಸಿದ್ರು, ಆಮೇಲೆ ಇಲ್ಲಿ ತಡೆಬೇಲಿ ಬಂತು, ಕೆಲವು ದಿಬ್ಬ ತಗ್ಗಿಸಿದ್ರು. ನನ್ನ ಪ್ರಕಾರ ಧೈರ್ಯ ಅನ್ನೋದು ಅವನ 1968ರ ಲ್ಯಾಪ್‌ಗಳಲ್ಲಿ ಇದ್ದಿದ್ದಕ್ಕಿಂತ ಜಾಸ್ತಿ ಆ ಜಗಳದಲ್ಲಿತ್ತು. ಆದ್ರೂ ಈ ಊರು ಅವನನ್ನ ಬಿಡ್ಲಿಲ್ಲ ನೋಡಿ. ಮುಂದೆ ಅವನೇ ಒಂದು ತಂಡ ಕಟ್ಟಿದ, ಆ ತಂಡ ಸ್ಟುವರ್ಟ್ ಅನ್ನೋ ಹೆಸರಲ್ಲಿ ಗೆದ್ದಿದ್ದು ಒಂದೇ ಒಂದು ರೇಸ್, 1999ರಲ್ಲಿ, ಇಲ್ಲಿನ ಹೊಸ ಟ್ರ್ಯಾಕಲ್ಲಿ, ಮಳೇಲಿ, ಜಾನಿ ಹರ್ಬರ್ಟ್ ಗೆಲ್ಸಿಕೊಟ್ಟ.

ಹೊಸ ಟ್ರ್ಯಾಕ್ ಬಗ್ಗೆ ಹೆಚ್ಚು ಹೇಳಕ್ಕೇನೂ ಇಲ್ಲ. 1984ರಲ್ಲಿ ಶುರುವಾಯ್ತು, ಅಗಲವಾಗಿದೆ, ಸುರಕ್ಷಿತವಾಗಿದೆ. ಉದ್ಘಾಟನೆಗೆ ದೊಡ್ಡ ದೊಡ್ಡ ಡ್ರೈವರ್‌ಗಳಿಗೆಲ್ಲ ಒಂದೇ ತರದ ಮರ್ಸಿಡಿಸ್ 190 ಕೊಟ್ಟು ರೇಸ್ ಮಾಡ್ಸಿದ್ರು, ಹೊಸ ಹುಡುಗ ಆಯರ್ಟನ್ ಸೆನ್ನಾ ಗೆದ್ದ, ಲಾಡಾ ಎರಡನೆಯವನು. ರಾಕ್ ಸಂಗೀತದ ದೊಡ್ಡ ಜಾತ್ರೆ ರಾಕ್ ಆಮ್ ರಿಂಗ್ ಕೂಡ 1985ರಿಂದ ಇಲ್ಲಿ ನಡೆಯತ್ತೆ. ಇರ್ಲಿ.

ಬೆರ್ಗ್‌ವೆರ್ಕ್ ಆದ್ಮೇಲೆ ಏರು ಮುಗಿಯೋದೇ ಇಲ್ಲ, ನಮ್ಮ ಪುಟ್ಟ ಇಂಜಿನ್ನು ಮೂರನೇ ಗೇರಲ್ಲಿ ಅಳ್ತಾ ಇತ್ತು. ಆ ಏರಿನ ಕೊನೇಲಿ ಕರುಸೆಲ್. ಎಡಕ್ಕೆ ಸುತ್ತೋ ತಿರುವು, ಒಳಗಡೆ ಅಂಚಲ್ಲಿ ಕಾಂಕ್ರೀಟಿನ ಬೋಗುಣಿ ತರ ಓರೆ ಪಟ್ಟಿ. ಮೊದಲು ಅದು ನೀರು ಹರಿಯೋ ಚರಂಡಿ, ಕರಾಚಿಯೋಲಾ ಅದರೊಳಗೆ ಚಕ್ರ ಇಳಿಸಿ ತಿರುಗಿಸಿದ್ರೆ ಬೇಗ ಹೋಗಬಹುದು ಅಂತ ಕಂಡ್ಕೊಂಡ, ಆಮೇಲೆ ಎಲ್ರೂ ಚರಂಡೀಲೇ ಓಡ್ಸಕ್ಕೆ ಶುರು ಮಾಡಿದ್ರು, ಕೊನೆಗೆ ಚರಂಡಿಗೇ ಕಾಂಕ್ರೀಟ್ ಹಾಕಿ ರಸ್ತೆ ಮಾಡಿದ್ರು, ಈಗ ತಿರುವಿಗೆ ಅವನದೇ ಹೆಸರು. ಗೆಳೆಯ ಎಡಗಡೆ ಚಕ್ರ ಇಳಿಸಿದ. ಕಾಂಕ್ರೀಟ್ ಚಪ್ಪಡಿಗಳ ಸಂದಿ ಸಂದಿಗೂ ದಡ ದಡ ದಡ ಅಂತ ಇಡೀ ಕಾರು ನಡುಗ್ತು, ಡ್ಯಾಶ್‌ಬೋರ್ಡ್ ಮೇಲಿದ್ದ ಕನ್ನಡಕದ ಡಬ್ಬಿ ಹಾರಿ ನನ್ನ ಕಾಲ ಹತ್ರ ಬಿತ್ತು, ನನ್ನ ಕಿಟಕೀಲಿ ಬರೀ ಆಕಾಶ, ಅವನ ಕಿಟಕೀಲಿ ಬರೀ ನೆಲ. ಹೊರಗೆ ಬಂದಾಗ ಇಬ್ರೂ ಹುಚ್ಚರ ಹಾಗೆ ನಗ್ತಾ ಇದ್ವಿ.

ಇದೇ ರಸ್ತೇಲಿ 1957ರಲ್ಲಿ ಅರ್ಜೆಂಟೀನಾದ ಡ್ರೈವರ್ ಹುವಾನ್ ಮ್ಯಾನುಯೆಲ್ ಫಾಂಜಿಯೋ, ವಯಸ್ಸು 46, ಪಿಟ್‌ಸ್ಟಾಪಲ್ಲಿ, ಅಂದ್ರೆ ಟೈರು ಪೆಟ್ರೋಲಿಗೆ ಅಂತ ನಿಲ್ಲಿಸಿದಾಗ, ಟೈಮ್ ಹಾಳಾಗಿ ಎರಡು ಫೆರಾರಿಗಳಿಗಿಂತ ಮುಕ್ಕಾಲು ನಿಮಿಷಕ್ಕೂ ಹಿಂದೆ ಬಿದ್ದೋನು, ಲ್ಯಾಪ್ ಲ್ಯಾಪಿಗೂ ದಾಖಲೆ ಮುರೀತಾ ಬಂದು ಕೊನೆಗೆ ಇಬ್ಬರನ್ನೂ ದಾಟಿ ಮೂರೂವರೆ ಸೆಕೆಂಡಲ್ಲಿ ಗೆದ್ದ. ಅವನ ಕೊನೆಯ ಗ್ರ್ಯಾಂಡ್ ಪ್ರಿ ಗೆಲುವು ಅದು, ಐದನೇ ವಿಶ್ವ ಚಾಂಪಿಯನ್‌ಶಿಪ್ಪೂ ಅದರಿಂದಲೇ ಖಾತ್ರಿಯಾಯ್ತು. ಸೀಟ್‌ಬೆಲ್ಟ್ ಇಲ್ಲ, ತಡೆಬೇಲಿ ಇಲ್ಲ, ಪಕ್ಕದಲ್ಲಿ ಮರ. 1983ರಲ್ಲಿ ಸ್ಟೆಫಾನ್ ಬೆಲ್ಲೋಫ್ ಪೋರ್ಶೆ 956 ಕಾರಲ್ಲಿ 6 ನಿಮಿಷ 11 ಸೆಕೆಂಡಿಗೆ ಒಂದು ಸುತ್ತು ಮುಗಿಸಿದ್ದ, ಅದು 35 ವರ್ಷ ಹಾಗೇ ನಿಂತಿತ್ತು. 2018ರಲ್ಲಿ ಟೀಮೋ ಬೆರ್ನ್‌ಹಾರ್ಡ್ ಪೋರ್ಶೆ 919 ಇವೋದಲ್ಲಿ 5 ನಿಮಿಷ 19 ಸೆಕೆಂಡಿಗೆ ಇಳಿಸಿದ. ನಮಗೆಷ್ಟು ಹಿಡೀತು ಅಂತ ಕೇಳ್ಬೇಡಿ, ಟೈಮ್ ತಗೊಳ್ಳೋ ಹಾಗಿಲ್ಲ ಅಂತ ಮೊದಲೇ ಹೇಳಿದೀನಿ.

ಕೊನೆಯ ನೇರ ರಸ್ತೇಲಿ ಗೇಟ್ ಕಂಡಾಗ ಗೆಳೆಯ ಉಸಿರು ಬಿಟ್ಟ. ಪಾರ್ಕಿಂಗಲ್ಲಿ ನಿಲ್ಲಿಸಿ ಇಳಿದ್ರೆ ಮುಂದಿನ ಚಕ್ರಗಳಿಂದ ಹೊಗೆ, ಬಾನೆಟ್ಟಿಂದ ಟಿಕ್ ಟಿಕ್ ಅಂತ ಲೋಹ ತಣ್ಣಗಾಗೋ ಸದ್ದು. ಅವನ ಅಂಗಿ ಬೆನ್ನಿಗೆ ಅಂಟಿತ್ತು, ಅಷ್ಟು ಚಳೀಲಿ. "ಒಂದೇ ಸಾಕು ಅನ್ಸತ್ತೆ ಅಲ್ವಾ?" ಅಂದ. ಸರಿ ಅಂದೆ. ಹತ್ತು ನಿಮಿಷ ಕಾಫಿ ಕುಡಿಯೋಷ್ಟರಲ್ಲಿ, "ಈಗ ಟೈರ್ ಬಿಸಿಯಾಗಿದೆ ಮಗಾ, ಇನ್ನೊಂದು ದುಡ್ಡು ಕಟ್ಟಿದೀವಲ್ಲ" ಅಂತ ಶುರು ಮಾಡ್ದ. ನಾನು ಬೇಡ ಅನ್ನಲಿಲ್ಲ. ನಿಜ ಹೇಳ್ಬೇಕಂದ್ರೆ ಅವನು ಕೇಳಲಿ ಅಂತಲೇ ಕಾಯ್ತಿದ್ದೆ.

ಮತ್ತೆ ಸಾಲಲ್ಲಿ ನಿಂತ್ವಿ. ಮುಂದೆ ನಾಲ್ಕು ಕಾರು ಇರುವಾಗ ಬ್ಯಾರಿಯರ್ ಕೆಳಗಿಳೀತು, ಸ್ಪೀಕರಲ್ಲಿ ಜರ್ಮನ್‌ನಲ್ಲಿ ಏನೋ ಹೇಳಿದ್ರು, ಟ್ರ್ಯಾಕ್ ಕ್ಲೋಸ್. ಸಾಲಲ್ಲಿದ್ದೋರೆಲ್ಲ ಒಬ್ಬೊಬ್ಬರಾಗಿ ಇಂಜಿನ್ ಆಫ್ ಮಾಡಿದ್ರು, ಯಾರೂ ಸಾಲು ಬಿಡ್ಲಿಲ್ಲ. ಅರ್ಧ ಗಂಟೆ ಆಯ್ತು, ಮುಕ್ಕಾಲು ಗಂಟೆ ಆಯ್ತು. ಆಮೇಲೆ ನಿಧಾನಕ್ಕೆ ಒಂದು ಟೋಯಿಂಗ್ ಲಾರಿ ಬಂತು, ಬೆನ್ನ ಮೇಲೆ ನಮ್ಮದೇ ಮಾಡೆಲ್ ಹ್ಯಾಚ್‌ಬ್ಯಾಕು, ಬಣ್ಣ ಬೇರೆ, ಎಡಗಡೆ ಮುಂಭಾಗ ಇರ್ಲೇ ಇಲ್ಲ. ಓಡಿಸ್ತಿದ್ದ ಹುಡುಗ ಲಾರಿ ಡ್ರೈವರ್ ಪಕ್ಕ ಕೂತಿದ್ದ, ಪೆಟ್ಟಾದ ಹಾಗೆ ಕಾಣಲಿಲ್ಲ, ತಲೆ ಬಗ್ಗಿಸಿ ಫೋನ್ ನೋಡ್ತಾ ಇದ್ದ. ಲಾರಿ ನಮ್ಮ ಪಕ್ಕದಲ್ಲೇ ಹಾದು ಹೋಯ್ತು.

ಬ್ಯಾರಿಯರ್ ಮತ್ತೆ ಎದ್ದಿತು. ಮುಂದಿನ ನಾಲ್ಕೂ ಕಾರು ಹೋದ್ವು. ಹಿಂದಿನೋನು ಸಣ್ಣಗೆ ಹಾರ್ನ್ ಮಾಡ್ದ. ಗೆಳೆಯ ಕೀ ತಿರುಗಿಸಿ, ಸ್ಟೀರಿಂಗ್ ಪೂರ್ತಿ ಬಲಕ್ಕೆ ಎಳೆದು, ಕೋನ್‌ಗಳ ಸಂದೀಲಿ ಸಾಲಿಂದ ಹೊರಗೆ ಬಂದ. "ಹಸಿವಾಗ್ತಿಲ್ವಾ ನಿಂಗೆ?" ಅಂದ.